‘ಅಷ್ಟೆ!’ ಅಂದರೆ ಎಷ್ಟು?

ನಮಸ್ಕಾರ.

ನೀವು ಕಳಿಸಿದ ‘ಹತ್ತು ಕಮಾಂಡ್‌ಗಳಲ್ಲಿ ಆಫೀಸ್ ಫೈಲ್ ಸರ್ವರ್’ ಲೇಖನ ಓದಿದೆ. ಎರಡು ಸಲ ಓದಿದೆ. ಮೊದಲನೇ ಸಲ ಸಂಪಾದಕನಾಗಿ, ಎರಡನೇ ಸಲ ಸಿಟ್ಟಿನಲ್ಲಿ. ಈ ಕುರ್ಚಿಗೆ ಬರುವ ಮುಂಚೆ ಕೆಲವು ವರ್ಷ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡಿದವನು ನಾನು. ಮಾತು ಸ್ವಲ್ಪ ಖಾರವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಭಾಷೆ ಸರಾಗವಾಗಿದೆ. ಸಾಂಬಾದಲ್ಲಿ (ಲಿನಕ್ಸ್ ಸರ್ವರ್‌ನ ಫೋಲ್ಡರ್‌ಗಳನ್ನು ವಿಂಡೋಸ್ ಪಿಸಿಗಳಿಗೆ ಹಂಚುವ ಸಾಫ್ಟ್‌ವೇರ್ ಅದು) ಒಬ್ಬರಿಗೆ ಖಾತೆ ತೆರೆಯಬೇಕಾದರೆ ಮೊದಲು ಲಿನಕ್ಸ್‌ನಲ್ಲಿ ಆ ಹೆಸರಿನ ಖಾತೆ ಇರಬೇಕು ಅನ್ನುವುದನ್ನು ಎರಡೇ ಸಾಲಿನಲ್ಲಿ ತಿಳಿಸಿದ್ದೀರಿ. ಬರೀ ಫೈಲ್ ತೆಗೆಯಲು ಬರುವವರಿಗೆ ಶೆಲ್, ಅಂದರೆ ಕಮಾಂಡ್ ಹೊಡೆಯುವ ಜಾಗ, ಯಾಕೆ ಅಂತ ಅದರ ಬದಲು ನೋಲಾಗಿನ್ ಕೊಟ್ಟಿದ್ದೂ ಸರಿ. ಹೊಗಳಿಕೆ ಮುಗಿಯಿತು.

ಈಗ ‘ಅಷ್ಟೆ!’ ವಿಷಯ. ಈ ಪದ ನಿಮ್ಮ ಲೇಖನದಲ್ಲಿ ಹನ್ನೊಂದು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಪ್ರತಿ ಕಮಾಂಡ್ ಆದ ಮೇಲೂ ‘ಎಂಟರ್ ಒತ್ತಿ. ಅಷ್ಟೆ!’ ಹತ್ತು ಕಮಾಂಡಿಗೆ ಹನ್ನೊಂದು ಅಷ್ಟೆ. ಕೊನೆಯದು ಲೇಖನ ಮುಗಿದ ಖುಷಿಗೆ ಇರಬೇಕು. ಓದುಗರಿಗೆ ಧೈರ್ಯ ತುಂಬಲು ಬರೆದಿದ್ದೀರಿ, ಗೊತ್ತು. ಆದರೆ ಎರಡು ಕಡೆ ಆ ಅಷ್ಟೆಯ ಹಿಂದೆ ದೊಡ್ಡ ಹಳ್ಳ ಇದೆ. ನಾನು ಆ ಎರಡರ ಬಗ್ಗೆ ಮಾತ್ರ ಮಾತಾಡುತ್ತೇನೆ. ಫೋಲ್ಡರ್‌ಗೆ 777, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡುವ ಅನುಮತಿ, ಕೊಟ್ಟಿದ್ದೀರಲ್ಲ, ಅದಕ್ಕೆ ಬೈಯಲು ಬೇರೆ ಜನ ಬೇಕಾದಷ್ಟು ಇದ್ದಾರೆ.

ಮೊದಲನೆಯದು ನಿಮ್ಮ ನಾಲ್ಕನೇ ಕಮಾಂಡ್. ನೀವು ಬರೆದಿರುವುದು ಹೀಗೆ: ‘ಸುಮಾ ಅವರನ್ನು ಲೆಕ್ಕಪತ್ರ ಗುಂಪಿಗೆ ಸೇರಿಸಲು ಯೂಸರ್‌ಮಾಡ್ ಮೈನಸ್ ಜಿ ಲೆಕ್ಕಪತ್ರ ಸುಮಾ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅಷ್ಟೆ!’

‘ಸೇರಿಸಲು’ ಅನ್ನುವ ಪದಕ್ಕೆ ನಾನು ಕೆಂಪು ಗೆರೆ ಹಾಕಿದ್ದೇನೆ. ಈ ಕಮಾಂಡ್ ಸೇರಿಸುವುದಿಲ್ಲ. ಬದಲಾಯಿಸುತ್ತದೆ. ಯಾರಿಗೆ ಯಾವ ಫೋಲ್ಡರ್ ತೆರೆಯಬೇಕು ಅನ್ನುವುದು ಅವರು ಯಾವ ಗುಂಪಿನಲ್ಲಿ ಇದ್ದಾರೆ ಅನ್ನುವುದರ ಮೇಲೆ ನಿಂತಿದೆ. ಸುಮಾ ಮೊದಲೇ ಖರೀದಿ, ದಾಸ್ತಾನು, ಸಂಬಳ ಅಂತ ಮೂರು ಗುಂಪಿನಲ್ಲಿ ಇದ್ದರು ಅಂದುಕೊಳ್ಳಿ. ನಿಮ್ಮ ಸಾಲು ಓಡಿದ ಮೇಲೆ ಅವರು ಲೆಕ್ಕಪತ್ರದಲ್ಲಿ ಮಾತ್ರ ಇರುತ್ತಾರೆ. ಖಾತೆ ತೆರೆದಾಗ ಸಿಕ್ಕ ಸ್ವಂತ ಮೂಲ ಗುಂಪು ಉಳಿಯುತ್ತದೆ, ಮಿಕ್ಕ ಮೂರೂ ಮಂಗಮಾಯ. ಇದ್ದದ್ದನ್ನು ಇಟ್ಟುಕೊಂಡು ಹೊಸದನ್ನು ಸೇರಿಸಬೇಕಾದರೆ ಜೊತೆಗೆ ಮೈನಸ್ ಎ ಬೇಕು. ಒಂದೇ ಒಂದು ಅಕ್ಷರ. ಅದನ್ನು ಬರೆಯದೆ ನೀವು ಅಷ್ಟೆ ಅಂದಿದ್ದೀರಿ.

ಇನ್ನೊಂದು. ನಮ್ಮಲ್ಲಿ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಅಚ್ಚು ಹಾಕುತ್ತೇವೆ, ನಿಮಗೆ ಗೊತ್ತು. ನಮ್ಮ ‘ಜಿ’ಗೆ ದೊಡ್ಡದು, ಚಿಕ್ಕದು ಅಂತ ಇಲ್ಲ. ಯೂಸರ್‌ಮಾಡ್‌ಗೆ ಇದೆ. ದೊಡ್ಡ ಜಿ ಅಂದರೆ ಹೆಚ್ಚುವರಿ ಗುಂಪುಗಳು. ಚಿಕ್ಕ ಜಿ ಅಂದರೆ ಮೂಲ ಗುಂಪನ್ನೇ ಬದಲಿಸು ಅಂತ. ನಿಮ್ಮ ‘ಮೈನಸ್ ಜಿ’ ಓದಿದವರಲ್ಲಿ ಅರ್ಧ ಜನ ಚಿಕ್ಕದನ್ನು ಒತ್ತುತ್ತಾರೆ. ಆಮೇಲೆ ಸುಮಾ ಮಾಡಿದ ಹೊಸ ಫೈಲ್‌ಗಳೆಲ್ಲ ಬೇರೆ ಗುಂಪಿನ ಹೆಸರಿನಲ್ಲಿ ಹುಟ್ಟುತ್ತವೆ. ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆಯುವವರು ‘ದೊಡ್ಡ ಎ, ಚಿಕ್ಕ ಎ’ ಅಂತ ಬಿಡಿಸಿ ಹೇಳಲೇಬೇಕು. ಇಲ್ಲಿ ಬೇಕಾಗಿದ್ದು ಚಿಕ್ಕ ಎ, ದೊಡ್ಡ ಜಿ.

ಅದರ ಮುಂದಿನ ಸಾಲೇ ನನಗೆ ಸಿಟ್ಟು ತರಿಸಿದ್ದು. ‘ಪರದೆಯ ಮೇಲೆ ಯಾವ ದೋಷ ಸಂದೇಶವೂ ಬಾರದಿದ್ದರೆ ಕೆಲಸ ಯಶಸ್ವಿಯಾಗಿದೆ ಎಂದರ್ಥ.’

ಅಲ್ಲ. ‘ನೀವು ಹೇಳಿದ್ದನ್ನು ಮಾಡಿದೆ’ ಎಂದರ್ಥ. ನಿಮಗೆ ಬೇಕಾಗಿದ್ದು ಬೇರೆ, ನೀವು ಹೇಳಿದ್ದು ಬೇರೆ. ಮೂರು ಗುಂಪಿನಿಂದ ಒಬ್ಬರನ್ನು ಕಿತ್ತು ಹಾಕಿದಾಗಲೂ ಯೂಸರ್‌ಮಾಡ್ ಉಸಿರು ಬಿಡುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅನ್ನುವ ಮಾತು ಇಲ್ಲಿ ನಡೆಯಲ್ಲ.

ಇದು ನನಗೆ ಹೇಗೆ ಗೊತ್ತು ಅಂತ ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ಸಂಜೆ, ಸಂಬಳ ವಿಭಾಗದ ಒಬ್ಬ ಮೇಡಂಗೆ ಇನ್ನೊಂದು ಫೋಲ್ಡರ್ ಬೇಕಾಗಿತ್ತು. ಥೇಟ್ ನಿಮ್ಮ ಸಾಲನ್ನೇ ಹೊಡೆದೆ. ಏನೂ ಬರಲಿಲ್ಲ. ಆಯ್ತು ಮೇಡಂ ಅಂದೆ. ಅವರ ಪಿಸಿಯಲ್ಲಿ ಹಳೆಯ ಫೋಲ್ಡರ್‌ಗಳು ಆಗಲೂ ತೆರೆಯುತ್ತಿದ್ದವು. ಯಾಕೆಂದರೆ ಸಾಂಬಾ ಒಬ್ಬರ ಗುಂಪುಗಳನ್ನು ಲಾಗಿನ್ ಆಗುವಾಗ ಒಂದು ಸಲ ನೋಡಿಕೊಳ್ಳುತ್ತದೆ. ಆ ಸೆಷನ್ ಇರುವ ತನಕ ಅದೇ ಪಟ್ಟಿ. ಹೊಸ ಫೋಲ್ಡರ್ ಮಾತ್ರ ಬರಲಿಲ್ಲ. ಪಿಸಿ ಆಫ್ ಮಾಡಿ ಆನ್ ಮಾಡಿದರೆ ಬರುತ್ತೆ, ನಾಳೆ ನೋಡಿ ಅಂದೆ. ಬಹಳ ತಿಳಿದವನ ಹಾಗೆ.

ಬೆಳಗ್ಗೆ ಹೊಸ ಫೋಲ್ಡರ್ ಬಂತು. ಹಳೆಯವು ನಾಲ್ಕೂ ಹೋಗಿದ್ದವು.

ಗಾಬರಿಯಲ್ಲಿ ನಾನು ಮಾಡಿದ್ದು ಇನ್ನೂ ಚೆಂದ. ಹೋದ ಗುಂಪುಗಳನ್ನು ಒಂದೊಂದಾಗಿ ವಾಪಸ್ ಹಾಕಲು ಹೊರಟೆ, ಅದೇ ಕಮಾಂಡ್‌ನಲ್ಲಿ. ಮೊದಲನೆಯದನ್ನು ಹಾಕಿದೆ. ಎರಡನೆಯದನ್ನು ಹಾಕಿದಾಗ ಮೊದಲನೆಯದು ಹೋಯಿತು. ಮೂರನೆಯದನ್ನು ಹಾಕಿದಾಗ ಎರಡನೆಯದು. ಒಂದು ಕಡೆ ತೇಪೆ ಹಾಕುತ್ತಾ ಇನ್ನೊಂದು ಕಡೆ ಹರಿಯುತ್ತಾ ಹೋದೆ. ಒಂದು ಸಲವೂ ಒಂದಕ್ಷರ ತಪ್ಪು ಸಂದೇಶ ಬರಲಿಲ್ಲ.

ನಮ್ಮ ಹಿರಿಯರೊಬ್ಬರು ಹಿಂದೆ ಬಂದು ನಿಂತಿದ್ದರು. ಬೈಯಲಿಲ್ಲ. ‘ಐಡಿ ಹೊಡೆದು ನೋಡಿದ್ಯಾ?’ ಅಂದರು. ಇಲ್ಲ ಸರ್ ಅಂದೆ. ‘ಮುಂಚೆ?’ ಇಲ್ಲ. ‘ಆಮೇಲೆ?’ ಅದೂ ಇಲ್ಲ. ಅವರು ಪಕ್ಕದಲ್ಲಿ ಕೂತು ಐಡಿ ಸುಮಾ ಅನ್ನುವ ಹಾಗೆ ಆ ಮೇಡಂ ಹೆಸರು ಹಾಕಿ ಎಂಟರ್ ಒತ್ತಿದರು. ಒಂದೇ ಸಾಲು ಬಂತು. ಮೊದಲು ಅವರ ನಂಬರ್, ಆಮೇಲೆ ಮೂಲ ಗುಂಪು, ಕೊನೆಗೆ ಗ್ರೂಪ್ಸ್ ಅಂತ ಒಂದು ಪಟ್ಟಿ. ಐದು ಇರಬೇಕಾದ ಜಾಗದಲ್ಲಿ ಒಂದು ಹೆಸರು ಕೂತಿತ್ತು. ಮೂಲ ಗುಂಪು ಬಿಟ್ಟರೆ ಅದೊಂದೇ.

ಆಮೇಲೆ ಅವರು ಇಟಿಸಿ ಡೈರೆಕ್ಟರಿಗೆ ಹೋಗಿ, ಗುಂಪುಗಳ ಪಟ್ಟಿ ಇರುವ ‘ಗ್ರೂಪ್’ ಫೈಲ್ ಪಕ್ಕದಲ್ಲಿ ಇನ್ನೊಂದನ್ನು ತೋರಿಸಿದರು. ಅದೇ ಹೆಸರು, ಕೊನೆಗೆ ಒಂದು ಅಡ್ಡಗೆರೆ. ಯೂಸರ್‌ಮಾಡ್ ಗುಂಪುಗಳನ್ನು ತಿದ್ದುವ ಮುಂಚೆ ಹಳೆಯ ಪ್ರತಿಯನ್ನು ಆ ಹೆಸರಿನಲ್ಲಿ ಇಟ್ಟಿರುತ್ತದೆ. ನಿನ್ನೆ ಸಂಜೆ ಒಂದೇ ತಪ್ಪು ಮಾಡಿ ನಿಲ್ಲಿಸಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕಾಗಿತ್ತು. ಆದರೆ ಅದು ಒಂದು ಹೆಜ್ಜೆ ಹಿಂದಿನದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನಾನು ಗಾಬರಿಯಲ್ಲಿ ಹೊಡೆದ ಮೂರು ಕಮಾಂಡ್ ಆ ಪ್ರತಿಯನ್ನೂ ತುಳಿದು ಹಾಕಿದ್ದವು. ಕೊನೆಗೆ ಮೇಡಂ ಹತ್ತಿರ ಹೋಗಿ ‘ನಿಮಗೆ ಯಾವ ಯಾವ ಫೋಲ್ಡರ್ ಬರ್ತಾ ಇತ್ತು, ನೆನಪಿದೆಯಾ?’ ಅಂತ ಕೇಳಿ ಕಾಗದದಲ್ಲಿ ಬರೆದುಕೊಂಡು ಬಂದೆ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಅವತ್ತಿನಿಂದ ಒಂದು ನೋಟ್‌ಬುಕ್ ಇಡಬೇಕಾಯಿತು. ಖಾತೆ ಮುಟ್ಟುವ ಮುಂಚೆ ಐಡಿ ಏನು ಹೇಳಿತು, ಮುಟ್ಟಿದ ಮೇಲೆ ಏನು ಹೇಳಿತು. ಎರಡೂ ಕೈಯಲ್ಲಿ ಬರೆಯಬೇಕು. ಆರು ತಿಂಗಳು ಬರೆದೆ. ಬೇಜಾರಿನ ಕೆಲಸ. ನಿಮ್ಮ ಲೇಖನದಲ್ಲಿ ಐಡಿ ಅನ್ನುವ ಎರಡಕ್ಷರದ ಕಮಾಂಡ್ ಒಂದು ಸಲವೂ ಇಲ್ಲ ಅಂತ ಕಂಡಾಗ ಆ ನೋಟ್‌ಬುಕ್ ನೆನಪಾಯಿತು.

ಇರಲಿ. ಎರಡನೆಯದಕ್ಕೆ ಬರುತ್ತೇನೆ. ಇದು ನಿಮ್ಮ ಎಂಟನೇ ಕಮಾಂಡ್: ‘ಕೆಲಸ ಬಿಟ್ಟು ಹೋದವರ ಖಾತೆಗೆ ಪಾಸ್‌ವರ್ಡ್ ಕಮಾಂಡ್‌ನ ಮೈನಸ್ ಎಲ್ ಬಳಸಿ ಬೀಗ ಹಾಕಿ. ಇನ್ನು ಅವರು ನಿಮ್ಮ ಫೈಲ್‌ಗಳನ್ನು ಮುಟ್ಟಲಾರರು. ಅಷ್ಟೆ!’

ಮುಟ್ಟುತ್ತಾರೆ. ಆರಾಮಾಗಿ ಮುಟ್ಟುತ್ತಾರೆ.

ಈ ಬೀಗ ಅಂದರೆ ಏನು ಗೊತ್ತಾ? ಲಿನಕ್ಸ್ ಪಾಸ್‌ವರ್ಡ್ ಲೆಕ್ಕ ಇಡುವ ಶ್ಯಾಡೋ ಫೈಲ್‌ನಲ್ಲಿ ಅವರ ಪಾಸ್‌ವರ್ಡ್ ಹ್ಯಾಶ್‌ನ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ, ವಾಪಸ್ ಪಾಸ್‌ವರ್ಡ್ ಮಾಡಲಾಗದ ಸಂಕೇತ) ಶುರುವಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಬಂದು ಕೂರುತ್ತದೆ. ಅದರಿಂದ ಹ್ಯಾಶ್ ಯಾವುದಕ್ಕೂ ತಾಳೆಯಾಗುವುದಿಲ್ಲ. ನಿಜವಾಗಿಯೂ ಅಷ್ಟೆ. ನಿಮ್ಮ ‘ಅಷ್ಟೆ!’ಯ ಕೊನೆಯಲ್ಲಿ ಇದೆಯಲ್ಲ, ಅದೇ ಚಿಹ್ನೆ. ಆದರೆ ಸಾಂಬಾ ಆ ಫೈಲ್‌ನಲ್ಲಿ ಪಾಸ್‌ವರ್ಡ್ ನೋಡುವುದೇ ಇಲ್ಲ. ಅದರ ಪಾಸ್‌ವರ್ಡ್ ಲೆಕ್ಕ ಬೇರೆ ಪುಸ್ತಕದಲ್ಲಿ ಇದೆ.

ಯಾಕೆ ಎರಡು ಪುಸ್ತಕ ಅನ್ನುವುದನ್ನು ನೀವು ಬರೆದಿದ್ದರೆ ಈ ತಪ್ಪು ನಿಮಗೇ ಕಾಣುತ್ತಿತ್ತು. ಇಂಥ ಸರ್ವರ್‌ಗೆ ವಿಂಡೋಸ್ ಪಿಸಿ ಲಾಗಿನ್ ಆಗುವಾಗ ಪಾಸ್‌ವರ್ಡನ್ನು ಹಾಗೇ ಕಳಿಸುವುದಿಲ್ಲ. ಸರ್ವರ್ ಒಂದು ಸವಾಲು ಕೊಡುತ್ತದೆ, ಪಿಸಿ ಪಾಸ್‌ವರ್ಡ್‌ನ ಹ್ಯಾಶ್ ಬಳಸಿ ಉತ್ತರ ಕಟ್ಟಿ ಕಳಿಸುತ್ತದೆ. ಆ ಉತ್ತರ ಸರಿಯೇ ಅಂತ ನೋಡಲು ಸರ್ವರ್ ಹತ್ತಿರವೂ ಅದೇ ಜಾತಿಯ ಹ್ಯಾಶ್ ಇರಬೇಕು. ಅದು ಎಂಡಿ4 ಅನ್ನುವ ಹ್ಯಾಶ್ ಲೆಕ್ಕದ್ದು, 1990ರ ಕಾಲದ್ದು. ಲಿನಕ್ಸ್‌ನ ಶ್ಯಾಡೋದಲ್ಲಿ ಇರುವುದು ಬೇರೆ ಬಗೆಯದು. ಇದರಿಂದ ಅದನ್ನು ತೆಗೆಯಲು ಆಗುವುದಿಲ್ಲ. ಅದಕ್ಕೇ ಎಸ್‌ಎಂಬಿ ಪಾಸ್‌ವರ್ಡ್ ಅಂತ ಇನ್ನೊಂದು ಕಮಾಂಡ್ ಇರುವುದು. ನಿಮ್ಮ ಎರಡನೇ ಕಮಾಂಡ್‌ನಲ್ಲಿ ಅದನ್ನು ನೀವೇ ಬಳಸಿದ್ದೀರಿ. ಬಾಗಿಲು ತೆರೆದಿದ್ದು ಒಂದು ಕಡೆ, ಬೀಗ ಹಾಕಿದ್ದು ಇನ್ನೊಂದು ಕಡೆ.

ಯೂನಿಕ್ಸ್ ಪಾಸ್‌ವರ್ಡ್ ಸಿಂಕ್ ಅಂತ ಒಂದು ಸೆಟ್ಟಿಂಗ್ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಸಾಂಬಾ ಕಡೆ ಪಾಸ್‌ವರ್ಡ್ ಬದಲಾದಾಗ ಲಿನಕ್ಸ್ ಕಡೆಯೂ ಬದಲಿಸುತ್ತದೆ. ಬೀಗಕ್ಕೂ ಅದಕ್ಕೂ ಸಂಬಂಧ ಇಲ್ಲ.

ಸರಿಯಾದ ಸಾಲು ಎಸ್‌ಎಂಬಿ ಪಾಸ್‌ವರ್ಡ್ ಮೈನಸ್ ಡಿ, ಮುಂದೆ ಹೆಸರು. ಚಿಕ್ಕ ಡಿ. ಇದು ಮಾಡಿದ ಮೇಲೆ ಸುಮ್ನೆ ಎದ್ದು ಹೋಗಬೇಡಿ. ಸಾಂಬಾ ಖಾತೆಗಳ ವಿವರ ತೋರಿಸುವ ಪಿಡಿಬಿಎಡಿಟ್‌ಗೆ ದೊಡ್ಡ ಎಲ್, ಚಿಕ್ಕ ವಿ ಮತ್ತು ಆ ಹೆಸರು ಕೊಡಿ. ಸುಮಾರು ಇಪ್ಪತ್ತು ಸಾಲು ಬರುತ್ತದೆ. ಅಕೌಂಟ್ ಫ್ಲಾಗ್ಸ್ ಅನ್ನುವ ಸಾಲು ಹುಡುಕಿ. ಮೊದಲು ಚೌಕ ಕಂಸದ ಒಳಗೆ ಯು ಒಂದೇ ಇತ್ತು. ಈಗ ಆ ಯು ಎಡಗಡೆ ಡಿ, ಅಂದರೆ ಡಿಸೇಬಲ್, ಬಂದಿರಬೇಕು. ಬಂದಿದ್ದರೆ ಇನ್ನು ಹೊಸದಾಗಿ ಲಾಗಿನ್ ಆಗಲು ಬಿಡುವುದಿಲ್ಲ.

‘ಹೊಸದಾಗಿ’ ಅಂದೆ, ಗಮನಿಸಿ. ಅವರ ಲ್ಯಾಪ್‌ಟಾಪ್ ಈಗಾಗಲೇ ಸರ್ವರ್‌ಗೆ ಸೇರಿಕೊಂಡಿದ್ದರೆ ಆ ಸೆಷನ್ ನಡೆಯುತ್ತಲೇ ಇರುತ್ತದೆ, ನಮ್ಮ ಮೇಡಂ ಪಿಸಿಯಲ್ಲಿ ಸಂಜೆ ನಡೆದ ಹಾಗೆ. ಎಸ್‌ಎಂಬಿ ಸ್ಟೇಟಸ್ ಹೊಡೆದರೆ ಯಾರು, ಯಾವ ಮೆಷಿನ್‌ನಿಂದ, ಯಾವ ಪ್ರೋಸೆಸ್ ನಂಬರಿನಲ್ಲಿ ಕೂತಿದ್ದಾರೆ ಅಂತ ಕಾಣುತ್ತದೆ. ಒಂದೊಂದು ಪಿಸಿಗೂ ಸಾಂಬಾ ಒಂದೊಂದು ಪ್ರೋಸೆಸ್ ಇಟ್ಟಿರುತ್ತದೆ. ಆ ನಂಬರನ್ನು ಕಿಲ್ ಮಾಡಿ. ಪಿಸಿ ತಾನಾಗಿ ಮತ್ತೆ ಸೇರಲು ನೋಡುತ್ತದೆ, ಆಗ ಡಿ ತಡೆಯುತ್ತದೆ.

ಇನ್ನು ‘ಒಂದು ವಾರದ ನಂತರ ಯೂಸರ್‌ಡೆಲ್ ಮಾಡಿ’ ಅಂದಿದ್ದೀರಿ. ಅವಸರ ಬೇಡ. ಖಾತೆ ಹೋದರೂ ಹಂಚಿಕೆ ಫೋಲ್ಡರ್‌ಗಳಲ್ಲಿ ಅವರ ಫೈಲ್‌ಗಳು ಉಳಿಯುತ್ತವೆ. ಮಾಲೀಕರ ಹೆಸರಿನ ಜಾಗದಲ್ಲಿ 1012 ಅಂತ ಬರೀ ಅವರ ಖಾತೆ ನಂಬರ್ ಇರುತ್ತದೆ. ಯೂಸರ್‌ಆಡ್ ಹೊಸಬರಿಗೆ ಕೊಡುವುದು ಈಗ ಇರುವವರಲ್ಲಿ ಎಲ್ಲರಿಗಿಂತ ದೊಡ್ಡ ನಂಬರಿಗೆ ಒಂದು ಸೇರಿಸಿ. ಹೋದವರದ್ದೇ ಕೊನೆಯ ನಂಬರ್ ಆಗಿದ್ದರೆ ಮುಂದಿನ ವಾರ ಬಂದವರಿಗೆ ಅದೇ 1012. ಹಳಬರ ಫೈಲ್‌ಗಳೆಲ್ಲ ಹೊಸಬರ ಆಸ್ತಿ ಆಗಿರುತ್ತವೆ, ಯಾರೂ ಕೊಡದೆ. ಡಿಸೇಬಲ್ ಮಾಡಿ ಹಾಗೇ ಬಿಡಿ. ಅಳಿಸಲೇಬೇಕು ಅಂದರೆ ಮೊದಲು ಫೈಂಡ್‌ನಲ್ಲಿ ಆ ನಂಬರಿನ ಫೈಲ್‌ಗಳನ್ನು ಹುಡುಕಿ ಬೇರೆಯವರ ಹೆಸರಿಗೆ ಮಾಡಿ.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿರಸ್ಕರಿಸಿ ಅಲ್ಲ. ಹತ್ತು ಕಮಾಂಡ್ ಬೇಡ, ಈ ಎರಡೇ ಸಾಕು: ಒಬ್ಬರನ್ನು ಗುಂಪಿಗೆ ಸೇರಿಸುವುದು, ಒಬ್ಬರನ್ನು ಹೊರಗೆ ಕಳಿಸುವುದು. ಪ್ರತಿ ಸಾಲನ್ನೂ ನೀವೇ ಒಂದು ಖಾಲಿ ಮೆಷಿನ್‌ನಲ್ಲಿ ಓಡಿಸಿ. ಮುಂಚೆ ಏನು ಕಂಡಿತು, ಆಮೇಲೆ ಏನು ಕಂಡಿತು, ಅದನ್ನು ಬರೆಯಿರಿ. ಎ ಬಿಟ್ಟು ಒಂದು ಸಲ, ಎ ಸೇರಿಸಿ ಒಂದು ಸಲ ಮಾಡಿ, ಐಡಿ ಕೊಟ್ಟ ಎರಡೂ ಸಾಲನ್ನು ಹಾಗೇ ಹಾಕಿ. ಲೇಖನ ಉದ್ದ ಆಯಿತು ಅಂತ ನಾನು ಗೊಣಗುವುದಿಲ್ಲ.

ಪರೀಕ್ಷೆಗೆ ನಿಮ್ಮ ಸ್ವಂತ ಖಾತೆ ಬಳಸಲೇಬೇಡಿ. ಎ ಬಿಟ್ಟರೆ ಆಡಳಿತದ ಅಧಿಕಾರ ಕೊಡುವ ಸುಡೋ ಗುಂಪೂ ಹೋಗುತ್ತದೆ. ಆಮೇಲೆ ಅದನ್ನು ವಾಪಸ್ ಹಾಕಲು ಸುಡೋ ಬೇಕು.