ಅಲ್ಝೈಮರ್ ಇರುವ ಅವ್ವ ವೃದ್ಧಾಶ್ರಮದಲ್ಲಿ ಆಯಾನ ಮೇಲೆ ಕೈ ಮಾಡುವುದು ಯಾಕೆ? ನಾವೇನು ಮಾಡಬಹುದು?

ನಿಮ್ಮ ಅವ್ವ ಹೆಚ್ಚಾಗಿ ಹೆದರಿ ಹೊಡೆಯುತ್ತಿದ್ದಾರೆ, ದ್ವೇಷದಿಂದ ಅಲ್ಲ. ಕಲಬುರಗಿಯ ಆಶ್ರಮದಲ್ಲಿ ಸ್ನಾನದ ಹೊತ್ತಿಗೇ ಜಾಸ್ತಿ ಅಂತ ಬರೆದಿದ್ದೀರಿ, ಅಲ್ವಾ? ಸುಳಿವು ಅಲ್ಲೇ ಇದೆ. ಅಲ್ಝೈಮರ್ ಸಾಮಾನ್ಯವಾಗಿ ಮೊದಲು ಹೊಸ ನೆನಪನ್ನು ಕೆಡಿಸುತ್ತದೆ. ಆಮೇಲೆ ಮಿದುಳಿನ ಮುಂಭಾಗಕ್ಕೂ ಹಬ್ಬುತ್ತದೆ. ಎತ್ತಿದ ಕೈಯನ್ನು ತಡೆಯುವುದು ಆ ಭಾಗವೇ. ಹೀಗಾಗಿ ದಿನಾ ಬರುವ ಆಯಾ ಅವ್ವನಿಗೆ ಇವತ್ತೂ ಹೊಸಬಳು. ಗುರುತಿಲ್ಲದವರು ಬಂದು ಸೀರೆಗೆ ಕೈ ಹಾಕಿದರೆ ಯಾರು ಸುಮ್ನಿರುತ್ತಾರೆ?

ಅದಕ್ಕೇ ವಾದ ಬೇಡ, ಎಳೆದಾಟ ಬೇಡ. ಆಯಾ ಎದುರಿನಿಂದ ಬರಲಿ, ಅವ್ವನ ಮನೆಮಾತಿನಲ್ಲೇ ಒಂದೊಂದೇ ಮಾತು ಹೇಳಲಿ. ಮೈಮೇಲೆ ಟವೆಲ್ ಇರಲಿ. ಒಪ್ಪದಿದ್ದರೆ ಕಾಲು ಗಂಟೆ ಬಿಟ್ಟು ಮತ್ತೆ ಕೇಳಲಿ. ಒಂದು ದಿನ ಬರೀ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಏನೂ ಕೆಡುವುದಿಲ್ಲ.

ಎರಡು ಮೂರು ದಿನದಲ್ಲಿ ದಿಢೀರ್ ಜಾಸ್ತಿಯಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ಮಂಡಿನೋವು ಇರಬಹುದು. ಬಾಯಲ್ಲಿ ಹೇಳಲಾಗದ ನೋವು ಕೈಯಲ್ಲಿ ಹೊರಬರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ನೀರು ಕಡಿಮೆಯಾದರೂ ಹೀಗಾಗಬಹುದು. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಕೇಳುತ್ತಾ ಕೂರದೆ ಲೋಟ ಕೈಗೇ ಕೊಡಬೇಕು.

ಶಾಂತವಾಗಿಸುವ ಗುಳಿಗೆ ಕೊನೆಯ ದಾರಿಯಾಗಿರಲಿ. ಇಂಥ ಹಿರಿಯರಲ್ಲಿ ಅದು ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ, ಬೀಳುವ ಅಪಾಯವನ್ನೂ. ಶುರು ಮಾಡುವ ಮುಂಚೆ ಯಾವ ಗುಳಿಗೆ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.