ಬೆಂಚಿನ ಮೇಲೆ ಕುಳಿತವರು

ಹಾಸನದಿಂದ ನಾರ್ತ್ ಕ್ಯಾರೊಲಿನಾದ ಕ್ಯಾರಿಗೆ ಬಂದು ಆರು ವಾರವಾಯಿತು ಎಂದು ಬರೆದಿದ್ದೀಯ. ‘ಅಣ್ಣಾ’ ಎಂದು ಕರೆದಿರುವುದರಿಂದ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಕಾರು, ದಿನಸಿ, ಚಳಿ ಎಲ್ಲ ಕೇಳಿ ಕೊನೆಗೆ ಇನ್ನೊಂದು ಕೇಳಿದ್ದೀಯ: ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ಕಾಲೇಜು ಬಾಸ್ಕೆಟ್‌ಬಾಲ್ ಕೋಚ್‌ಗಳನ್ನು ಹಿಡಿದು ‘ಇವನು ತಾನೇ ಎಷ್ಟು ಆಡಿದ್ದ’ ಎಂದು ವಾದಿಸುತ್ತಾರೆ, ಆಗ ನಾನು ಏನು ಮಾತನಾಡಲಿ ಎಂದು.

ಲೈಸೆನ್ಸ್ ಬೇಗ ಮಾಡಿಸಿಕೊ, ಇಲ್ಲಿ ಕಾರಿಲ್ಲದೆ ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ. ದಿನಸಿಗೆ ಮಾರಿಸ್‌ವಿಲ್. ವೆಂಕಟೇಶ್ವರನ ಗುಡಿ ಕ್ಯಾರಿಯಲ್ಲೇ ಇದೆ ಎಂದು ಅಮ್ಮನಿಗೆ ತಿಳಿಸು, ಅವರಿಗೆ ಸಮಾಧಾನವಾಗುತ್ತದೆ. ಇನ್ನು ಬಾಸ್ಕೆಟ್‌ಬಾಲ್.

ನಾನು ಬಂದದ್ದು 1998ರಲ್ಲಿ. ಮರುವರ್ಷದ ಮಾರ್ಚ್ ಕೊನೆಯಲ್ಲಿ ಪಕ್ಕದ ಡರಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯದ ತಂಡ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕನೆಕ್ಟಿಕಟ್ ಎದುರು ಸೋತಿತು. ಮಾರನೆಯ ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಅರ್ಧ ಸೂತಕದ ಮನೆ, ಇನ್ನರ್ಧ ಹಬ್ಬದ ಮನೆ. ಹಬ್ಬ ಮಾಡುತ್ತಿದ್ದವರು ಡ್ಯೂಕ್‌ನ ಬದ್ಧ ಎದುರಾಳಿಯಾದ, ಹತ್ತು ಮೈಲಿ ಆಚೆಯ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ತಂಡದ ಅಭಿಮಾನಿಗಳು. ನಾನು ಯಾರ ಜೊತೆ ಕೂರಬೇಕೆಂದು ತಿಳಿಯದೆ ಮೊಸರನ್ನದ ಡಬ್ಬಿ ಹಿಡಿದು ನಿಂತಿದ್ದೆ.

ನಾವು ರ‍್ಯಾಂಕ್ ನೋಡಿ ಮನುಷ್ಯರನ್ನು ಅಳೆಯುವ ಊರಿನವರು. ದೊಡ್ಡ ಕೋಚ್ ಎಂದರೆ ದೊಡ್ಡ ಆಟಗಾರನೇ ಆಗಿರಬೇಕು ಎಂದುಕೊಂಡಿದ್ದೆ. ಜಾನ್ ವುಡನ್ ಹಾಗೆಯೇ ಇದ್ದರು. ಪರ್ಡ್ಯೂ ಕಾಲೇಜಿನಲ್ಲಿ ಆಡುವಾಗ ಮೂರು ಬಾರಿ ಆಲ್ ಅಮೆರಿಕನ್, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರಲ್ಲಿ ಒಬ್ಬರು; ಆಮೇಲೆ ಕೋಚ್ ಆಗಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹತ್ತು ಚಾಂಪಿಯನ್‌ಷಿಪ್. ಆದರೆ ಪ್ಯಾಟ್ರಿಕ್ ಯೂಯಿಂಗ್ ಅವರನ್ನು ನೋಡು. ಆಟಗಾರನಾಗಿ 1984ರಲ್ಲಿ ಜಾರ್ಜ್‌ಟೌನ್‌ಗೆ ಚಾಂಪಿಯನ್‌ಷಿಪ್ ಗೆದ್ದುಕೊಟ್ಟವರು, ಅದೇ ಕಾಲೇಜಿನ ಕೋಚ್ ಆಗಿ 2021–22ರಲ್ಲಿ ತಮ್ಮ ಲೀಗ್‌ನ 19 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಇತ್ತ ಬಾಬಿ ನೈಟ್ 1960ರಲ್ಲಿ ಚಾಂಪಿಯನ್ ಆದ ಒಹಾಯೊ ಸ್ಟೇಟ್ ತಂಡದ ಬದಲಿ ಆಟಗಾರ. ಮುಂದೆ ಅವರು ಸೇನಾ ಅಕಾಡೆಮಿಯಲ್ಲಿ ಕೋಚ್ ಆಗಿದ್ದಾಗ ಅವರ ಕೈಯಲ್ಲಿ ಪಳಗಿದವರೇ ಡ್ಯೂಕ್‌ಗೆ ಐದು ಚಾಂಪಿಯನ್‌ಷಿಪ್ ತಂದ ಮೈಕ್ ಷೆಷೆವ್‌ಸ್ಕಿ.

ನನಗೆ ಎಲ್ಲರಿಗಿಂತ ಹತ್ತಿರದವರು ಚಾಪೆಲ್ ಹಿಲ್‌ನ ಕೋಚ್ ಆಗಿದ್ದ ಡೀನ್ ಸ್ಮಿತ್. 1952ರಲ್ಲಿ ಗೆದ್ದ ಕ್ಯಾನ್ಸಸ್ ತಂಡದಲ್ಲಿದ್ದರು, ಹೆಚ್ಚು ಹೊತ್ತು ಬೆಂಚಿನ ಮೇಲೆ. ಕೋಚ್ ಆಗಿ ಗೆದ್ದದ್ದು 879 ಪಂದ್ಯ. ಅವರ ಶಿಷ್ಯ ರಾಯ್ ವಿಲಿಯಮ್ಸ್ ಅಷ್ಟೂ ಆಡಿದವರಲ್ಲ. ಮೊದಲ ವರ್ಷದವರ ತಂಡದಲ್ಲಿ ಆಡಿ, ಆಮೇಲೆ ಸ್ಮಿತ್ ಅವರ ಅಭ್ಯಾಸ ನೋಡುತ್ತಾ ಟಿಪ್ಪಣಿ ಮಾಡಿಕೊಂಡು, ಪಂದ್ಯಗಳಲ್ಲಿ ಅಂಕಿಅಂಶ ಬರೆಯುತ್ತಾ ಕಲಿತವರು. ಅದೇ ಕಾಲೇಜಿಗೆ ಮೂರು ಚಾಂಪಿಯನ್‌ಷಿಪ್ ತಂದರು. ನಮ್ಮೂರಿನ ಸಂಗೀತದ ಮೇಷ್ಟ್ರಿಗೂ ಕಚೇರಿ ಮಾಡುವ ಶಾರೀರ ಇರಲಿಲ್ಲ. ಆದರೆ ಶಿಷ್ಯರ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಅವರ ಹುಬ್ಬು ಮೇಲೇರುತ್ತಿತ್ತು. ಇದು ನನಗೆ ಸಮಯಕ್ಕೆ ಸರಿಯಾಗಿ ನೆನಪಾಗಬೇಕಿತ್ತು.

ನನ್ನ ಮಗ ಹೈಸ್ಕೂಲಿನ ಕಿರಿಯರ ತಂಡದಲ್ಲಿದ್ದ. ಒಂದು ಇಡೀ ಸೀಸನ್ನಿನಲ್ಲಿ ಅವನನ್ನು ಆಡಿಸಿದ್ದು ಹತ್ತು ನಿಮಿಷವೂ ಆಗಲಿಲ್ಲವೇನೋ. ಆದರೂ ಪಂದ್ಯದ ಹಿಂದಿನ ರಾತ್ರಿ ಜರ್ಸಿಯನ್ನು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ‘ಆಡಿಸದ ತಂಡದಲ್ಲಿ ಬೆಂಚು ಬಿಸಿ ಮಾಡುವುದಕ್ಕೆ ಯಾಕೆ ಹೋಗುತ್ತೀಯ, ಆ ಹೊತ್ತಿನಲ್ಲಿ ಗಣಿತವಾದರೂ ಮಾಡು’ ಎಂದೆ. ಅವನು ವಾದಿಸಲಿಲ್ಲ. ಮರುವಾರ ಜರ್ಸಿ ಹಿಂದಿರುಗಿಸಿ ಬಂದ.

2015ರ ಫೆಬ್ರವರಿಯಲ್ಲಿ ಡೀನ್ ಸ್ಮಿತ್ ತೀರಿಕೊಂಡಾಗ ಈ ಊರಿನಲ್ಲಿ ಎಲ್ಲರ ಬಾಯಲ್ಲೂ ಅವರದೇ ಮಾತು. ಕ್ಯಾನ್ಸಸ್‌ನ ಬೆಂಚಿನ ವಿಷಯ ನನಗೆ ಗೊತ್ತಾದದ್ದು ಆಗಲೇ. ಅದೇ ವರ್ಷ ಮಗ ಕಾಲೇಜಿಗೆ ಹೊರಟ ಮೇಲೆ ಅವನ ಕೋಣೆ ಗುಡಿಸುವಾಗ ಹಸಿರು ರಟ್ಟಿನ ನೋಟ್‌ಬುಕ್ ಸಿಕ್ಕಿತು. ಪುಟಕ್ಕೊಂದು ಪಂದ್ಯ. ಯಾರು ಯಾರಿಗೆ ಚೆಂಡು ಕೊಟ್ಟರು ಎಂದು ಬಾಣದ ಗುರುತು, ಯಾರು ಯಾವ ಮೂಲೆಯಿಂದ ತಪ್ಪಿದರು ಎಂದು ಸಣ್ಣ ಚುಕ್ಕಿ. ಎಲ್ಲವೂ ಬೆಂಚಿನ ಮೇಲೆ ಕುಳಿತು ಬರೆದದ್ದು. ಹನ್ನೊಂದು ಪಂದ್ಯಗಳಾದ ಮೇಲೆ ಹಾಳೆಗಳು ಖಾಲಿ.

ಅವನು ಕೋಚ್ ಆಗುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಅವನು ಅಲ್ಲಿ ಏನು ಮಾಡುತ್ತಿದ್ದ ಎಂದು ಒಂದು ದಿನವೂ ಕೇಳಲಿಲ್ಲವಲ್ಲ, ಅದು ಇಂದಿಗೂ ನೋಯಿಸುತ್ತದೆ.

ಆದ್ದರಿಂದ ಊಟದ ಹೊತ್ತಿನಲ್ಲಿ ನೀನು ಹೆಚ್ಚೇನೂ ಹೇಳಬೇಕಾಗಿಲ್ಲ. ಡೀನ್ ಸ್ಮಿತ್ ಆಟಗಾರರಾಗಿ ಹೇಗಿದ್ದರು ಎಂದು ಅಲ್ಲಿರುವ ಹಿರಿಯರೊಬ್ಬರನ್ನು ಕೇಳು, ಉಳಿದದ್ದನ್ನು ಅವರೇ ಹೇಳುತ್ತಾರೆ. ಡ್ಯೂಕ್‌ನವರೂ ಚಾಪೆಲ್ ಹಿಲ್‌ನವರೂ ಮುಂದಿನ ಸಲ ಎದುರಾಗುವ ದಿನ ನಮ್ಮ ಮನೆಗೆ ಬಾ. ಬಿಸಿಬೇಳೆಬಾತ್ ಮಾಡಿಸುತ್ತೇನೆ. ಅರ್ಧ ಆಟ ಮುಗಿದಾಗ ಸಿಯಾಟಲ್‌ನಿಂದ ಮಗ ಫೋನ್ ಮಾಡುತ್ತಾನೆ, ಯಾರನ್ನು ಯಾಕೆ ಹೊರಗೆ ಕೂರಿಸಿದರು ಎಂದು ನನಗೆ ಬಿಡಿಸಿ ಹೇಳುತ್ತಾನೆ. ನೋಟ್‌ಬುಕ್ ನನ್ನ ಬೀರುವಿನಲ್ಲೇ ಇದೆ. ಅದರ ಮಾತನ್ನು ನಾನು ಇನ್ನೂ ಎತ್ತಿಲ್ಲ.