‘ಹಂಗಿಲ್ಲ ಅದು!’

ಪ್ರಶ್ನೆ: ಅಕ್ಕೋರೇ, ಏಳು ವರ್ಷದ ನನ್ನ ಮಗನಿಗೆ ಅವನ ಸೋದರಮಾವ ಮಡಚಿದರೆ ಕಾರಾಗುವ ಟ್ರಾನ್ಸ್‌ಫಾರ್ಮರ್ಸ್ ರೋಬೋ ಕೊಡಿಸಿದ್ದಾನೆ. ಅದು ಯಾವ ಗ್ರಹದ್ದು, ಶತ್ರು ಯಾರು, ಎಲ್ಲ ಇವನಿಗೆ ಬಾಯಿಪಾಠ. ನಾಲ್ಕು ವರ್ಷದ ತಂಗಿ ಅದನ್ನು ಹಾಲು ಹಾಕುವವನನ್ನಾಗಿ ಮಾಡಿದರೆ ಸಾಕು, ‘ಹಂಗಿಲ್ಲ ಅದು!’ ಎಂದು ಕಸಿದುಕೊಳ್ಳುತ್ತಾನೆ. ಆಟಕ್ಕಿಂತ ಜಗಳವೇ ಜಾಸ್ತಿ. ಕಥೆ ಸಮೇತ ಬರುವ ಆಟಿಕೆಯಿಂದ ಮಕ್ಕಳ ಕಲ್ಪನೆ ಸಾಯುತ್ತದಾ? ಎತ್ತಿಟ್ಟುಬಿಡಲಾ?
— ಒಬ್ಬ ತಾಯಿ, ಗಂಗಾವತಿ

ಉತ್ತರ: ಎತ್ತಿಡಬೇಡ ತಂಗೀ. ಎತ್ತಿಟ್ಟರೆ ಅವನು ಅಟ್ಟ ನೋಡುತ್ತ ಕೂರುತ್ತಾನೆ ಅಷ್ಟೇ.

ಅರ್ಧ ಜಗಳ ವಯಸ್ಸಿನದು. ಏಳು ವರ್ಷ ಅಂದರೆ ಕುಂಟಾಬಿಲ್ಲೆಯಲ್ಲಿ ಯಾರೋ ಗೆರೆ ತುಳಿದರೆ ಓಣಿ ಒಂದು ಮಾಡುವ ವಯಸ್ಸು. ನಾಲ್ಕಕ್ಕೆ ಗೆರೆಯೇ ಕಾಣುವುದಿಲ್ಲ.

ಉಳಿದರ್ಧಕ್ಕೆ, ಅವನಿಗೆ ಆ ರೋಬೋದ ನಿಜವಾದ ಹುಟ್ಟಿನ ಕಥೆ ಹೇಳು. ಮೊದಲ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಹಳಷ್ಟು ಜಪಾನಿನ ಟಕಾರಾ ಕಂಪನಿ ಮಾಡಿದವು. ಅಲ್ಲಿ ಅವುಗಳಲ್ಲಿ ಹಲವು ಬರೀ ಯಂತ್ರ. ಒಳಗೆ ಪುಟ್ಟ ಡ್ರೈವರ್ ಗೊಂಬೆ ಕೂತು ಓಡಿಸಬೇಕಿತ್ತು. ಅಮೆರಿಕದ ಹ್ಯಾಸ್‌ಬ್ರೋ ಅವನ್ನೇ ತಂದು, ಕಾಮಿಕ್ಸ್ ಬರೆಯುವವರಿಂದ ಹೊಸ ಹೆಸರು, ಸ್ವಭಾವ, ಜಗಳ ಎಲ್ಲ ಬರೆಸಿ 1984ರಲ್ಲಿ ಮಾರಿತು. ಡ್ರೈವರ್ ಮಾಯ! ರೋಬೋಗೇ ಜೀವ ಬಂತು. ಗೊಂಬೆ ಅದೇ, ಕಥೆ ಬೇರೆ. ನಿನ್ನ ಮಗಳು ಮಾಡಿದ್ದೂ ಅದೇ ಕೆಲಸ ಅಲ್ವಾ? ಅವಳಿಗೆ ಸಂಬಳ ಇಲ್ಲ, ಅಷ್ಟೇ ವ್ಯತ್ಯಾಸ.

ಕಥೆ ಇರುವ ಗೊಂಬೆ ನಮಗೇನು ಹೊಸದಲ್ಲ. ನಮ್ಮ ಮನೆಯಲ್ಲಿ ಕಿನ್ನಾಳದ ಗರುಡ ಇತ್ತು. ಹಗುರ ಕಟ್ಟಿಗೆ, ಹುಣಸೆಬೀಜದ ಅಂಟಿನ ಮೇಲೆ ಹಚ್ಚಿದ ಬಣ್ಣ, ಮೂಗು ಸ್ವಲ್ಪ ಮುಕ್ಕಾಗಿತ್ತು. ಅಮೃತ ತಂದ ಕಥೆಯನ್ನು ಅಜ್ಜಿ ರಾತ್ರಿ ಹೇಳುತ್ತಿದ್ದಳು. ಬೆಳಿಗ್ಗೆ ನಾನು ಅದೇ ಗರುಡನ ಬೆನ್ನಿಗೆ ಚಿಂದಿ ಕಟ್ಟಿ ಹೊಲಕ್ಕೆ ಬುತ್ತಿ ಕಳಿಸುತ್ತಿದ್ದೆ. ‘ದೇವರಿಗೆ ಹಂಗ ಮಾಡಬಾರದವ್ವಾ’ ಎಂದು ಬೈದಳು. ತುಸು ಹೊತ್ತು ಬಿಟ್ಟು ಅವಳೇ ಕೇಳಿದಳು: ‘ರೊಟ್ಟಿ ಎಷ್ಟು ಕಟ್ಟೀಯ? ಚಟ್ನಿಪುಡಿ ಹಾಕಿಯೋ ಇಲ್ಲೋ?’ ಅಮೃತ ತಂದವನು ಅಂದಿದ್ದಕ್ಕೇ ಬುತ್ತಿ ಹೊರುವ ಕೆಲಸ ಅವನಿಗೆ ಸಿಕ್ಕಿತ್ತು. ಕಥೆ ಇಲ್ಲದಿದ್ದರೆ ನನಗೆ ಅದು ಹೊಳೆಯುತ್ತಿರಲಿಲ್ಲ.

ನೀನೂ ಅಜ್ಜಿಯ ಹಾಗೆ ಕೇಳು. ಡಬ್ಬಿಯ ಮೇಲೆ ಬರೆಯದೇ ಇದ್ದದ್ದನ್ನು ಕೇಳು. ಇವನು ಮಳೆಯಲ್ಲಿ ತೊಯ್ದರೆ ತುಕ್ಕು ಹಿಡಿಯುತ್ತಾ? ಗಂಗಾವತಿ ಬಿಸಿಲಿಗೆ ಎಲ್ಲಿ ಮಲಗುತ್ತಾನೆ? ಶತ್ರುವಿನ ತಾಯಿ ಯಾರು? ಮಗ ಉತ್ತರ ಕಟ್ಟಲೇಬೇಕು. ತಂಗಿ ಸುಮ್ನೆ ಇರುತ್ತಾಳಾ, ಅವಳೂ ಬಾಯಿ ಹಾಕುತ್ತಾಳೆ.

ಗುಂಡಿ ಒತ್ತಿದರೆ ತಾನೇ ಮಾತಾಡುವ ಗೊಂಬೆ ಮಾತ್ರ ನನಗೆ ಸೇರುವುದಿಲ್ಲ. ಎಲ್ಲ ಅದೇ ಮಾತಾಡಿದರೆ ಮಗು ಏನು ಮಾಡಬೇಕು?

ಮಣ್ಣೆತ್ತಿನ ಅಮಾವಾಸ್ಯೆಗೆ ಇಬ್ಬರಿಗೂ ಒಂದೊಂದು ಮುದ್ದೆ ಮಣ್ಣು ಕೊಡು. ರೋಬೋ ಎತ್ತು ಹೂಡಿದರೆ ನನಗೆ ಪತ್ರ ಬರೆ.